ಸರಿ ಉತ್ತರಕ್ಕೂ ಸೊನ್ನೆಯೇ?

ಮೂರು ಕ್ರಮಾನುಗತ ಪೂರ್ಣಾಂಕಗಳ ಮೊತ್ತ 51. ಆ ಸಂಖ್ಯೆಗಳು ಯಾವುವು? ನಮಗೆ ಗೊತ್ತಿರುವ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು 51ನ್ನು ಮೂರರಿಂದ ಭಾಗಿಸಿದಳು, 17 ಬಂತು. ಹಿಂದೊಂದು, ಮುಂದೊಂದು ಸೇರಿಸಿ 16, 17, 18 ಎಂದು ಬರೆದಳು. ಉತ್ತರ ಸರಿ. ಆದರೂ ಸೊನ್ನೆ! ‘ಎಕ್ಸ್ ಆಗಿರಲಿ’ ಎಂದು ಬರೆದಿಲ್ಲವಂತೆ.

ಇದನ್ನು ನಾವು ಒಪ್ಪುವುದಿಲ್ಲ. ಅವಳು ಮಾಡಿದ್ದೂ ಬೀಜಗಣಿತವೇ. ಮಧ್ಯದ ಸಂಖ್ಯೆಯನ್ನು ಎಕ್ಸ್ ಅನ್ನಿ. ಹಿಂದಿನದು ಒಂದು ಕಮ್ಮಿ, ಮುಂದಿನದು ಒಂದು ಜಾಸ್ತಿ. ಕೂಡಿದರೆ ಆ ಒಂದಕ್ಕೆ ಈ ಒಂದು ವಜಾ. ಉಳಿಯುವುದು ಮೂರು ಎಕ್ಸ್. ಇಷ್ಟನ್ನು ಬೋರ್ಡಿನ ಮೇಲೆ ಬರೆದು ತೋರಿಸಲು ಎರಡು ನಿಮಿಷ ಸಾಕಿತ್ತು.

ಹಾಗಂತ ಎಕ್ಸ್ ಬೇಡ ಅನ್ನುತ್ತಿಲ್ಲ. ಹತ್ತನೇ ಕ್ಲಾಸಿನಲ್ಲಿ ಎರಡು ಕ್ರಮಾನುಗತ ಸಂಖ್ಯೆಗಳ ಗುಣಲಬ್ಧ 306 ಎಂಬ ಲೆಕ್ಕ ಬರುತ್ತದೆ. ಅಲ್ಲಿ ಬರೀ ಭಾಗಾಕಾರ ಸಾಲದು.

ನಮ್ಮ ತಕರಾರು ಗೈಡಿನ ಬಾಯಿಪಾಠದ ಮೇಲೆ. ಎಕ್ಸ್, ಎಕ್ಸ್ ಪ್ಲಸ್ 1, ಎಕ್ಸ್ ಪ್ಲಸ್ 2 ಎಂದು ಉರು ಹೊಡೆದ ಮಕ್ಕಳಿಗೆ ‘ಮೂರು ಕ್ರಮಾನುಗತ ಬೆಸ ಸಂಖ್ಯೆಗಳ ಮೊತ್ತ 57’ ಎಂದು ಕೊಟ್ಟು ನೋಡಿ. ಅದನ್ನೇ ಹಾಕಿ 18, 19, 20 ಬರೆದುಬಿಡುತ್ತಾರೆ. 18 ಯಾವಾಗ ಬೆಸವಾಯಿತು? ಬೆಸದಿಂದ ಬೆಸಕ್ಕೆ ಎರಡೆರಡರ ಹೆಜ್ಜೆ: 17, 19, 21. ಇಂಥ ತಪ್ಪು ಆ ಹುಡುಗಿ ಮಾಡುತ್ತಿರಲಿಲ್ಲ, ಅವಳಿಗೆ ಸಂಖ್ಯೆ ಕಾಣುತ್ತದೆ.

ಇವತ್ತು ರಾತ್ರಿ ನಿಮ್ಮ ಮನೆ ಮಕ್ಕಳಿಗೂ ಒಂದು ಲೆಕ್ಕ ಕೊಡಿ: ನಾಲ್ಕು ಕ್ರಮಾನುಗತ ಸಂಖ್ಯೆ, ಮೊತ್ತ 50. ನಾಲ್ಕರಿಂದ ಭಾಗಿಸಿದರೆ ಹನ್ನೆರಡೂವರೆ ಬರುತ್ತದೆ. ಅಲ್ಲಿಂದ ಮುಂದೆ ಏನು ಮಾಡುತ್ತಾರೆ, ಸುಮ್ಮನೆ ಕೂತು ನೋಡಿ.