ಉಂಡೆಯೊಳಗಿನ ಬೀಜ ಏಳಲಿಲ್ಲವೇಕೆ?

ಜೂನ್ ತಿಂಗಳು ಸಮೀಪಿಸಿದೊಡನೆ ನಮ್ಮ ಬಳಗದಲ್ಲಿ ಬೀಜದುಂಡೆಯ ಮಾತು ಆರಂಭವಾಗುತ್ತದೆ. ಶಾಲೆಯ ಮಕ್ಕಳು, ಮಹಿಳಾ ಸಂಘದವರು, ನಿವೃತ್ತ ಮೇಷ್ಟರು ಒಟ್ಟಿಗೆ ಕುಳಿತು ಕೆಮ್ಮಣ್ಣು, ಸಗಣಿ, ಬೀಜಗಳನ್ನು ಕಲಸಿ ಉಂಡೆ ಕಟ್ಟುವ ದೃಶ್ಯ ಮನಸ್ಸಿಗೆ ಮುದ ನೀಡುವಂಥದ್ದು. ಆ ಉಂಡೆಗಳನ್ನು ಚೀಲಗಳಲ್ಲಿ ತುಂಬಿಕೊಂಡು ಘಟ್ಟದ ಈಚೆಯ ನಾವು ಬಯಲುಸೀಮೆಯ ಬರಡು ಗುಡ್ಡಗಳಿಗೆ ಹೋಗಿ ಎರಚಿ ಬರುವುದೂ ಕೆಲವು ವರ್ಷಗಳಿಂದ ನಡೆದಿದೆ. ಎಷ್ಟು ಸಾವಿರ ಉಂಡೆಗಳನ್ನು ಎರಚಿದೆವೆಂಬ ಲೆಕ್ಕ ಇದೇ ಪತ್ರಿಕೆಯಲ್ಲಿ ಅಚ್ಚಾಗಿದೆ. ಮರುವರ್ಷದ ಬೇಸಿಗೆಯಲ್ಲಿ ಅಲ್ಲಿ ಎಷ್ಟು ಗಿಡ ಉಳಿದಿತ್ತೆಂಬ ಲೆಕ್ಕ ಒಮ್ಮೆಯೂ ಅಚ್ಚಾಗಿಲ್ಲ. ಬೀಜವಿಜ್ಞಾನ ಓದಿಯೂ ಸುಮ್ಮನಿದ್ದ ನಾನು ಅದಕ್ಕೆ ಮೊದಲ ಹೊಣೆಗಾರ.

ಕಳೆದ ಬೇಸಿಗೆಯಲ್ಲಿ ಚಳ್ಳಕೆರೆ ಕಡೆಯ ಅಂಥದೊಂದು ಗುಡ್ಡವನ್ನು ಮತ್ತೆ ಹತ್ತಿದೆ. ಬಂಡೆಗಳ ಮರೆಯಲ್ಲಿ ನಮ್ಮ ಉಂಡೆಗಳು ಇನ್ನೂ ಕೆಲವು ಉಳಿದಿದ್ದವು. ಒಡೆದು ನೋಡಿದರೆ ಕಕ್ಕೆಯ ಬೀಜ ಅಂದು ಹಾಕಿದಂತೆಯೇ ಹೊಳೆಯುತ್ತಿತ್ತು. ಬೇವಿನ ಬೀಜ ಮುಟ್ಟಿದರೆ ಪುಡಿಯಾಗುತ್ತಿತ್ತು. ಒಂದು ಎಚ್ಚರಗೊಂಡಿರಲೇ ಇಲ್ಲ, ಇನ್ನೊಂದು ಉಂಡೆಯೊಳಗೆ ಸೇರುವ ಮೊದಲೇ ಸತ್ತಿತ್ತು. ಬೇವಿನ ಬೀಜದ ಜೀವ ಸಾಧಾರಣ ಸ್ಥಿತಿಯಲ್ಲಿ ಕೆಲವೇ ವಾರಗಳದ್ದು. ಹಿಂದಿನ ವರ್ಷ ಆಯ್ದಿಟ್ಟ ಬೇವಿನ ಬೀಜದಿಂದ ಉಂಡೆ ಕಟ್ಟುವುದೆಂದರೆ ಮಣ್ಣಿನಲ್ಲಿ ಹೆಣ ಹೂಳಿದಂತೆಯೇ.

ಜೇಡಿಮಣ್ಣಿನ ಉಂಡೆಯನ್ನು ಜಗತ್ತಿಗೆ ಪರಿಚಯಿಸಿದವರು ಜಪಾನಿನ ಮಸನೊಬು ಫುಕುವೋಕಾ. 1988ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಆ ಹಿರಿಯರ ಬಗ್ಗೆ ನಮಗೆಲ್ಲ ಗೌರವವಿದೆ. ಆದರೆ ಮಣ್ಣಿನ ಕವಚ ಮುಖ್ಯವಾಗಿ ಮಾಡುವುದು ಬೀಜವನ್ನು ಹಕ್ಕಿ, ಇಲಿ, ಇರುವೆಗಳಿಂದ ಕಾಪಾಡುವ ಕೆಲಸ. ಬೀಜವನ್ನು ಎಬ್ಬಿಸುವ ಕೆಲಸ ಅದರದ್ದಲ್ಲ. ಕಕ್ಕೆ, ಕರಿಜಾಲಿ, ಬಾಗೆ ಮುಂತಾದ ಮರಗಳ ಬೀಜದ ಸಿಪ್ಪೆಯಲ್ಲಿ ಒತ್ತೊತ್ತಾಗಿ ಜೋಡಿಸಿದ ಗಡಸು ಕೋಶಗಳ ಪದರವೊಂದಿದೆ; ನೀರು ಅದನ್ನು ದಾಟಲಾರದು. ಒಳಗಿನ ಭ್ರೂಣ ಜೀವಂತವಾಗಿಯೇ ಇದ್ದು, ಬಾಗಿಲು ತೆರೆಯುವವರೆಗೆ ವರ್ಷಗಟ್ಟಲೆ ಕಾಯುತ್ತದೆ.

ಈ ಬಾಗಿಲನ್ನು ತೆರೆಯುವ ಬಗೆ ಕುರಿಗಾಹಿಗಳಿಗೆ ಹೊಸತಲ್ಲ. ಕುರಿ ಮೇಕೆಗಳು ಕರಿಜಾಲಿಯ ಕಾಯಿ ತಿಂದು, ಮೆಲುಕು ಹಾಕುವಾಗ ಬೀಜಗಳನ್ನು ಉಗುಳುತ್ತವೆ. ಕೆಲವು ಹಿಕ್ಕೆಯಲ್ಲಿ ಹೊರಬರುತ್ತವೆ. ರೊಪ್ಪದಲ್ಲಿ ಗುಡಿಸಿ ಆಯ್ದ ಆ ಬೀಜ, ಮರದಿಂದ ಕಿತ್ತ ಬೀಜಕ್ಕಿಂತ ಚೆನ್ನಾಗಿ ಮೊಳೆಯುತ್ತದೆಂಬುದನ್ನು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳೂ ಬಹುಕಾಲದಿಂದ ಬಳಸಿಕೊಂಡಿವೆ. ಪ್ರಯೋಗಶಾಲೆಯಲ್ಲಿ ನಾವು ಗಂಧಕಾಮ್ಲದಿಂದ ಮಾಡುವುದನ್ನು ಮೇಕೆಯ ಹೊಟ್ಟೆ ಪುಕ್ಕಟೆಯಾಗಿ ಮಾಡುತ್ತದೆ! ಇದೇ ಉಪಕಾರದಿಂದ ಬಳ್ಳಾರಿ ಜಾಲಿಯೂ ಊರೂರು ಹಬ್ಬಿತೆಂಬುದನ್ನು ಮರೆಯಲಾಗದು. 1870ರ ದಶಕದಲ್ಲಿ ಭಾರತಕ್ಕೆ ಬಂದ ಆ ಗಿಡಕ್ಕೆ ಯಾರೂ ಉಂಡೆ ಕಟ್ಟಬೇಕಾಗಲಿಲ್ಲ. ಅದರ ಸಿಹಿ ಕಾಯಿ ತಿಂದ ದನಕರುಗಳೇ ಬೀಜೋಪಚಾರ ಮಾಡಿ, ಗೊಬ್ಬರ ಸಹಿತ ಬಿತ್ತಿದವು.

ನಮ್ಮ ಕೈಲಾಗುವ ಉಪಚಾರಗಳು ಸರಳವಾದವು. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಸುರಿದು, ರಾತ್ರಿಯಿಡೀ ಅದರಲ್ಲಿಯೇ ತಣಿಯಲು ಬಿಡಬೇಕು. ಬೀಜವನ್ನು ಒಲೆಯ ಮೇಲೆಯೇ ಕುದಿಸಿದರೆ ಪಲ್ಯವಾದೀತು. ಬೀಜ ಸ್ವಲ್ಪವೇ ಇದ್ದರೆ ಹುಟ್ಟುಗಣ್ಣಿನ ಎದುರು ಬದಿಯಲ್ಲಿ ಉಗುರುಕತ್ತರಿಯಿಂದ ಸಿಪ್ಪೆಯನ್ನು ತುಸು ಕತ್ತರಿಸಿದರೂ ಸಾಕು. ಎಲಚಿಯ ಓಟೆಯನ್ನು ಮೆಲ್ಲನೆ ಒಡೆಯಬೇಕು. ಹೊಂಗೆಗೂ ಕಮರಕ್ಕೂ ಇಂಥ ಯಾವ ಉಪಚಾರವೂ ಬೇಕಿಲ್ಲ. ಅವು ತಾಜಾ ಆಗಿದ್ದರಾಯಿತು. ಅನೇಕ ಹುಲ್ಲುಗಳದ್ದು ಇದಕ್ಕೆ ವಿರುದ್ಧವಾದ ಸ್ವಭಾವ: ಹೊಸದಾಗಿ ಕೊಯ್ದ ಬೀಜ ಮೊಳೆಯದು, ಕೆಲವು ತಿಂಗಳು ಒಣಗಿ ಮಾಗಬೇಕು. ಇವನ್ನೆಲ್ಲ ಒಂದೇ ಬುಟ್ಟಿಯಲ್ಲಿ ಕಲಸಿ ಒಂದೇ ಉಂಡೆಯಲ್ಲಿ ತುಂಬಿದ್ದೇ ನಮ್ಮ ಮೊದಲ ತಪ್ಪು.

ಎರಡನೆಯ ತಪ್ಪು ಪಂಚಾಂಗದ್ದು. ಜೂನ್ 5 ನಮ್ಮ ಮಲೆನಾಡಿಗೆ ಒಪ್ಪುವ ದಿನ. ಹಿಂದೆಯೇ ಮೃಗಶಿರ, ಆರಿದ್ರೆ ಸುರಿಯುತ್ತವೆ. ಚಳ್ಳಕೆರೆಯಲ್ಲಿ ವರ್ಷಕ್ಕೆ 500 ಮಿಲಿಮೀಟರಿಗೂ ಕಡಿಮೆ ಮಳೆ. ಅದರ ಹೆಚ್ಚಿನ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಹುಬ್ಬೆಯಿಂದ ಚಿತ್ತೆಯವರೆಗೆ. ಜೂನ್ ಆರಂಭದ ಒಂದು ಹದ ಮಳೆಗೆ ಎದ್ದ ಮೊಳಕೆ ಮುಂದಿನ ಮೂರು ನಾಲ್ಕು ವಾರಗಳ ಒಣಹವೆಯಲ್ಲಿ ಸುಟ್ಟುಹೋಗುತ್ತದೆ. ಉಪಚರಿಸಿದ ಬೀಜಕ್ಕೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದು ಮೊದಲ ಹನಿಗೇ ಏಳುತ್ತದೆ. ಗಡಸು ಸಿಪ್ಪೆ ಬೀಜದ ದೋಷವಲ್ಲ. ಬರವನ್ನು ಬಲ್ಲ ಗಿಡ ಮಾಡಿಕೊಂಡ ವಿಮೆ ಅದು. ಎಲ್ಲ ಬೀಜಗಳೂ ಒಂದೇ ವರ್ಷ ಮೊಳೆತು ಒಂದೇ ವರ್ಷ ಸಾಯದಿರಲೆಂಬ ಏರ್ಪಾಡು. ಆದುದರಿಂದ ಬೀಜದ ಅರ್ಧಭಾಗವನ್ನು ಮಾತ್ರ ಉಪಚರಿಸಿ, ಉಳಿದರ್ಧವನ್ನು ಹಾಗೆಯೇ ಬಿಡುವುದು ವಿವೇಕವೆಂದು ನನ್ನ ಅಭಿಪ್ರಾಯ. ಉಪಚರಿಸಿದ್ದನ್ನು ಆಗಸ್ಟ್ ಕೊನೆಯಲ್ಲಿ ಬಿತ್ತಬೇಕು. ಮಳೆ ನಿಲ್ಲುವ ಮೊದಲು ಬೇರು ಆಳಕ್ಕೆ ಇಳಿಯಲು ಅದಕ್ಕೆ ಸಿಗುವುದು ಸುಮಾರು ಎರಡು ತಿಂಗಳು. ಸಿಪ್ಪೆ ನೆನೆಯುವುದರಲ್ಲಿಯೇ ವಾರಗಳು ಕಳೆದರೆ ಉಳಿಗಾಲವಿಲ್ಲ. ಬೀಜೋಪಚಾರದ ನಿಜವಾದ ಲಾಭ ಈ ವಾರಗಳ ಉಳಿತಾಯ.

ಮೊಳೆತ ಮಾತ್ರಕ್ಕೆ ಗೆದ್ದಂತೆಯೂ ಅಲ್ಲ. ಅಮೆರಿಕದ ಗ್ರೇಟ್ ಬೇಸಿನ್ ಒಣನಾಡಿನಲ್ಲಿ ಹುಲ್ಲು ಬಿತ್ತಿ ಹಂತಹಂತವಾಗಿ ಗಮನಿಸಿದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಚ್ಚಿನ ನಷ್ಟ ಮೊಳಕೆಯೊಡೆದ ನಂತರ, ನೆಲದಿಂದ ಮೇಲೇಳುವ ಮೊದಲೇ ಆಗುತ್ತದೆ. ನಮ್ಮ ಸವಕಲು ಕೆಂಪುನೆಲದಲ್ಲಿಯೂ ಮಳೆ ಬಿದ್ದು ಬಿಸಿಲು ಕಾದರೆ ಮೇಲ್ಪದರ ಗಟ್ಟಿಕಟ್ಟುತ್ತದೆ. ಅಂಥ ನೆಲದ ಮೇಲೆ ಉಂಡೆ ಎರಚುವುದಕ್ಕಿಂತ, ಇಳಿಜಾರಿಗೆ ಅಡ್ಡವಾಗಿ ಸಣ್ಣ ಗೀರು ತೆಗೆದು, ಕವಳೆಯಂಥ ಪೊದೆಯ ನೆರಳಿನಲ್ಲಿ ನಾಲ್ಕು ಬೀಜ ಊರುವುದು ಮೇಲು. ದ್ವಿದಳ ಬೀಜಗಳಿಗೆ ಬೆಲ್ಲದ ನೀರಿನ ಅಂಟಿನಲ್ಲಿ ರೈಜೋಬಿಯಂ ಲೇಪಿಸಿ ನೆರಳಲ್ಲಿ ಆರಿಸುವುದು ರೈತರಿಗೆ ತಿಳಿದದ್ದೇ. ಬೇರಿನ ಗೆಳೆಯರಾದ ಶಿಲೀಂಧ್ರಗಳ ಬಗ್ಗೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ.ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ನಡೆಸಿದ ಕೆಲಸವಿದೆ. ಪೊದೆಯ ಬುಡದ ಒಂದು ಹಿಡಿ ಮಣ್ಣನ್ನು ಗೀರಿಗೆ ಸೇರಿಸಿದರೆ ಆ ಗೆಳೆಯರಲ್ಲಿ ಕೆಲವರಾದರೂ ಜೊತೆಗೆ ಬರುತ್ತಾರೆ.

ಇನ್ನೊಂದು ಮಾತು, ಕೆಲವರಿಗೆ ರುಚಿಸದೆ ಹೋಗಬಹುದು. ಮರವಿಲ್ಲದ ನೆಲವೆಲ್ಲ ಬರಡಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಹುಲ್ಲುಗಾವಲುಗಳು. ಕೃಷ್ಣಮೃಗಗಳ ಮತ್ತು ಕುರಿಗಾಹಿಗಳ ನೆಲೆ. ದಟ್ಟಕಾಡಿನ ಕಣ್ಣಿನಿಂದ ನೋಡುವ ನಾವು ಅಲ್ಲಿ ಮರದ ಬೀಜ ಎರಚಿದರೆ ಅದು ಪುನಶ್ಚೇತನವಲ್ಲ, ಅತಿಕ್ರಮಣ. ನಿಜವಾಗಿ ಸವೆದ ನೆಲ ಯಾವುದು, ಅಲ್ಲಿ ಹಿಂದೆ ಏನಿತ್ತು, ಮೇಯಿಸುವವರು ಎಷ್ಟು ತಿಂಗಳು ಬಿಟ್ಟುಕೊಡಬಲ್ಲರು ಎಂಬುದನ್ನು ಅಲ್ಲಿನವರನ್ನೇ ಕೇಳಬೇಕು.

ಆದಕಾರಣ ಈ ವರ್ಷ ಜೂನ್ 5ರಂದು ಉಂಡೆ ಕಟ್ಟುವುದು ಬೇಡವೆಂದು ಕಾರ್ಯಕಾರಿ ಸಮಿತಿಯ ಮುಂದೆ ಪ್ರಸ್ತಾವ ಇಟ್ಟಿದ್ದೇನೆ. ಆ ದಿನ ಮಕ್ಕಳೊಡನೆ ಬೀಜಗಳನ್ನು ಜಾತಿವಾರು ವಿಂಗಡಿಸಿ, ಪ್ರತಿಯೊಂದರಲ್ಲಿ ನೂರು ಬೀಜಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸೋಣ. ಆಗಸ್ಟ್ ಕೊನೆಯ ವಾರ ಒಂದೇ ಗುಡ್ಡದ ಒಂದೇ ಎಕರೆಗೆ ಹೋಗೋಣ. ಅರ್ಧದಲ್ಲಿ ಉಪಚರಿಸಿದ ಬೀಜ, ಅರ್ಧದಲ್ಲಿ ಉಪಚರಿಸದ ಬೀಜ. ಮುಂದಿನ ಏಪ್ರಿಲ್‌ನಲ್ಲಿ ಎಣಿಕೆಗೆ ಬರಲು ಸಿದ್ಧರಿರುವವರು ಈಗಲೇ ಹೆಸರು ಕೊಡಬೇಕು. ಎಣಿಕೆ ಸೊನ್ನೆಯಾದರೂ ಅದನ್ನು ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.