ಹಲ್ಲಿ ಹೇಳದ ಶಕುನಗಳು

ಕೆಟ್ಟ ಕಾಲ ಹೇಳಿ ಕೇಳಿ ಬರುವುದಿಲ್ಲ ಎನ್ನುವವರುಂಟು. ಪಂಚಾಂಗ ಬರೆಯುವವರು ಈ ಮಾತನ್ನು ಒಪ್ಪುವುದಿಲ್ಲ. ಹಲ್ಲಿ ಮೈಮೇಲೆ ಬಿದ್ದರೆ ಉಂಟಾಗುವ ಫಲಗಳನ್ನು ಅವರು ಅಂಗಾಂಗವಾಗಿ ವಿಂಗಡಿಸಿ ಅಚ್ಚು ಹಾಕಿಸುತ್ತ ಬಂದಿದ್ದಾರೆ. ನೆತ್ತಿಗೆ ಒಂದು ಫಲ, ಭುಜಕ್ಕೆ ಇನ್ನೊಂದು, ಪಾದಕ್ಕೆ ಮತ್ತೊಂದು. ಗಂಡಸಿಗೆ ಬಲಭಾಗವಾದರೆ ಹೆಂಗಸಿಗೆ ಎಡಭಾಗ. ಬಿದ್ದ ಹಲ್ಲಿ ಒಂದೆಡೆ ನಿಲ್ಲದೆ ಹೆಗಲಿನಿಂದ ಮೊಣಕೈಗೆ ಹರಿದು ಅಲ್ಲಿಂದ ನೆಲಕ್ಕೆ ಹಾರಿದರೆ ಯಾವ ಫಲವನ್ನು ಹಿಡಿಯಬೇಕೆಂಬುದು ಮಾತ್ರ ವಿವಾದಕ್ಕೆ ಎಡೆಯುಳ್ಳ ವಿಷಯ. ಅದಕ್ಕೂ ಪರಿಹಾರವಿದೆ. ಕಾಂಚೀಪುರದ ವರದರಾಜಸ್ವಾಮಿ ದೇವಾಲಯದಲ್ಲಿ ಚಿನ್ನದ ಹಲ್ಲಿಯನ್ನೂ ಬೆಳ್ಳಿಯ ಹಲ್ಲಿಯನ್ನೂ ಮುಟ್ಟಿ ಬಂದವರಿಗೆ ಜಗತ್ತಿನ ಯಾವ ಹಲ್ಲಿಯ ದೋಷವೂ ತಟ್ಟದಂತೆ. ಆಯುಷ್ಯದಲ್ಲಿ ಒಂದೇ ಕಂತು ಕಟ್ಟಿದರೆ ಸಾಕಾಗುವ ಇಂತಹ ವಿಮೆ ಬೇರೆಲ್ಲಿಯೂ ದೊರೆಯಲಾರದು.

ಕಾವ್ಯಲೋಕದವರಿಗಂತೂ ಈ ಸೌಕರ್ಯ ಧಾರಾಳವಾಗಿತ್ತು. ಕಾಳಿದಾಸನ ದುಷ್ಯಂತ ಆಶ್ರಮದೊಳಗೆ ಕಾಲಿಡುವಷ್ಟರಲ್ಲಿ ಅವನ ಬಲತೋಳು ಅದುರಿ ಮುಂದಿನ ಸುಖವನ್ನು ತಿಳಿಸುತ್ತದೆ. ಐದನೆಯ ಅಂಕದಲ್ಲಿ ಆಸ್ಥಾನಕ್ಕೆ ಬಂದ ಶಕುಂತಲೆಯ ಬಲಗಣ್ಣು ಅದುರಿ ಮುಂದಿನ ದುಃಖವನ್ನು ತಿಳಿಸುತ್ತದೆ. ಇಂದಿನ ಗುಮಾಸ್ತನ ಕಣ್ಣು ಅದುರಿದರೆ ವೈದ್ಯರು, ನಿದ್ದೆ ಸಾಲದು, ಕಾಫಿ ಹೆಚ್ಚಾಯಿತು ಎಂದು ಹೇಳಿ ಕಳುಹಿಸುತ್ತಾರೆ. ಶಕುನಗಳಿಗೂ ಅಂತಸ್ತು ನೋಡುವ ಅಭ್ಯಾಸವಿರುವಂತೆ ತೋರುತ್ತದೆ.

ಇನ್ನು ರಾಹುಕಾಲ. ಸೂರ್ಯೋದಯ 6 ಗಂಟೆಗೆಂದು ಹಿಡಿದರೆ ಸೋಮವಾರದ ರಾಹುಕಾಲ ಬೆಳಿಗ್ಗೆ 7.30ರಿಂದ 9 ಗಂಟೆಯವರೆಗೆ. ಬೆಂಗಳೂರಿನ ಅರ್ಧ ಊರು ಬುತ್ತಿಯ ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ವಾರದ ಮೊದಲ ದಿನವೇ ಹೀಗೆ ಲಕ್ಷೋಪಲಕ್ಷ ಜನ ರಾಹುವಿನ ಎದುರಿಗೇ ಬಸ್ಸು ಹತ್ತುವ ಊರಿನಲ್ಲಿ, ಯಾರಿಗೆ ಯಾವ ಕೆಡಕು ರಾಹುವಿನಿಂದ ಬಂತು, ಯಾವುದು ಮೇಲಧಿಕಾರಿಯಿಂದ ಬಂತು ಎಂದು ವಿಂಗಡಿಸುವುದು ಸುಲಭವಲ್ಲ.

ನಿಜವಾಗಿ ದೆಸೆ ಕೆಟ್ಟಾಗ ಕಾಣುವ ಗುರುತುಗಳು ಯಾವ ಪಂಚಾಂಗದಲ್ಲಿಯೂ ಇಲ್ಲ. ಅವು ಅಡಿಗೆಮನೆಯಲ್ಲಿ, ಬಚ್ಚಲಲ್ಲಿ, ಬೀದಿಯ ತಿರುವಿನ ದಿನಸಿ ಅಂಗಡಿಯಲ್ಲಿ ಇರುತ್ತವೆ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದು ಗೃಹಿಣಿಯ ಜಾಣತನ; ಚೂರಿಗೆ ಚೂರನ್ನೇ ಅಂಟಿಸುವ ದಿನ ಬಂದರೆ ಅದು ಶಕುನ. ಹಲ್ಲುಜ್ಜುವ ಪೇಸ್ಟಿನ ಕೊಳವೆಯನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಿದುಕೊಳ್ಳುವುದು ಇನ್ನೊಂದು ಶಕುನ. ಸಾಲ ಕೇಳಲು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಬಂಧು ಕುಶಲ ವಿಚಾರಿಸುವುದಕ್ಕೂ ಬಾರದೆ ಹೋದನೆಂದರೆ ಸಂದೇಹಕ್ಕೆ ಆಸ್ಪದವೇ ಉಳಿಯದು. ಮನೆಯವರಿಗಿಂತ ಮೊದಲು ವಾಸನೆ ಹಿಡಿಯುವವನು ಅವನೇ.

ಇವೆಲ್ಲಕ್ಕಿಂತ ನಂಬಬಹುದಾದ ಗುರುತು ಕಾಫಿಯದು. ಕಾಫಿಪುಡಿಯೊಂದಿಗೆ ಚಿಕೋರಿಯನ್ನು ಬೆರೆಸಿ ಮಾರಲು ನಮ್ಮ ಕಾಯಿದೆ ಒಪ್ಪುತ್ತದೆ. ಆದರೆ ಮಿಶ್ರಣದಲ್ಲಿ ಕಾಫಿ 51 ಪಾಲಿಗೆ ಕಡಿಮೆಯಾಗಕೂಡದು. ಎಂದರೆ ಮಧ್ಯಮವರ್ಗದ ಸಂಸಾರವೊಂದು ನೂರಕ್ಕೆ ನೂರು ಕಾಫಿಯಿಂದ ಹೊರಟು, 80ಕ್ಕೆ ಇಳಿದು, 60ಕ್ಕೆ ಜಾರಿ, ಕಡೆಗೆ 51ರ ಮೆಟ್ಟಿಲಿನ ಮೇಲೆ ಮಾನ ಉಳಿಸಿಕೊಂಡು ನಿಲ್ಲಬಹುದು. ಅದರಿಂದ ಕೆಳಗೆ ಇಳಿಯಲು ಸರಕಾರವೇ ಬಿಡದು! ಇದರಲ್ಲಿ ಒಂದು ವಿಚಿತ್ರವೂ ಇದೆ. ಚಿಕೋರಿ ಎಂಬುದು ಹುರಿದ ಬೇರು. ಅದು ಹೆಚ್ಚಿದಷ್ಟೂ ಡಿಕಾಕ್ಷನ್ ಕಪ್ಪಾಗುತ್ತದೆ, ಮಂದವಾಗುತ್ತದೆ. ಕೈ ಬರಿದಾದಂತೆಲ್ಲ ಲೋಟದ ಬಣ್ಣ ಗಾಢವಾಗುತ್ತ ಹೋಗುತ್ತದೆ. ನೋಡಿದವರು, ಈ ಮನೆಯಲ್ಲಿ ಕಾಫಿ ಎಷ್ಟು ಗಟ್ಟಿ ಎಂದು ಮೆಚ್ಚಿ ಹೋಗುತ್ತಾರೆ.

ಬಸವನಗುಡಿಯ ಗೃಹಸ್ಥನೊಬ್ಬನ ಮನೆಯಲ್ಲಿ ಕಾಫಿ ಹೀಗೆ ಗಟ್ಟಿಯಾಗುತ್ತ ಬಂದಿತು. ಆತ ಹದಿನೆಂಟು ವರ್ಷ ಲೆಕ್ಕ ಬರೆಯುತ್ತಿದ್ದ ಕಚೇರಿ ಒಂದು ಶುಕ್ರವಾರ ಸಂಜೆ ಬಾಗಿಲು ಹಾಕಿತು. ಮನೆಯಲ್ಲಿ ಹೇಳಲು ಆತನಿಗೆ ನಾಲಗೆ ಬರಲಿಲ್ಲ. ಸೋಮವಾರ ಎಂದಿನಂತೆ ಮಡಿಸಿದ ಅಂಗಿ ತೊಟ್ಟು, ಡಬ್ಬಿ ಹಿಡಿದು ಹೊರಟು, ಲಾಲ್‌ಬಾಗಿನ ಬಂಡೆಯ ಮೇಲೆ ಹೋಗಿ ಕುಳಿತ. ಸುಮಾರು 300 ಕೋಟಿ ವರ್ಷದ ಆ ಬಂಡೆ ಆತನನ್ನು ಏನೂ ಕೇಳಲಿಲ್ಲ. ಮರುದಿನವೂ ಅಲ್ಲಿಗೇ ಹೋದ. ಹೀಗೆ ಮೂರು ವಾರಗಳು ಕಳೆದವು. ಪಾಪ, ತಾನು ಯಾವ ಸುಳಿವನ್ನೂ ಕೊಟ್ಟಿಲ್ಲವೆಂದೇ ಆತ ನಂಬಿದ್ದ.

ಆತನ ಹೆಂಡತಿ ಎರಡನೆಯ ವಾರದಲ್ಲಿಯೇ ಎಲ್ಲವನ್ನೂ ತಿಳಿದುಕೊಂಡಿದ್ದಳು. ಚಪ್ಪಲಿಗೆ ಕೆಮ್ಮಣ್ಣು ಹತ್ತಿತ್ತು. ಸಹೋದ್ಯೋಗಿಗಳೊಡನೆ ಹಂಚಿಕೊಂಡು ಅರ್ಧ ಉಳಿದು ಬರುತ್ತಿದ್ದ ಬುತ್ತಿ ಈಗ ತೊಳೆದಂತೆ ಖಾಲಿಯಾಗಿ ಬರುತ್ತಿತ್ತು. ಅಣ್ಣನ ಮನೆಯ ಪೂಜೆಗೆ ಹೋಗೋಣವೇ ಎಂದರೆ ಒಂದೇ ಮಾತಿಗೆ ಒಪ್ಪಿಕೊಂಡ. ಹದಿನಾರು ವರ್ಷದ ದಾಂಪತ್ಯದಲ್ಲಿ ಅದು ಮೊದಲ ಬಾರಿ. ಆದರೆ ಆಕೆಯನ್ನು ನಿಜವಾಗಿ ಹೆದರಿಸಿದ್ದು ಬೇರೊಂದು. ರಾತ್ರಿ ಎಲೆಯ ಮುಂದೆ ಕುಳಿತಾಗ ಮ್ಯಾನೇಜರನನ್ನು ಬಯ್ಯದೆ ಆತ ಸಾರು ಕಲಸಿದ್ದೇ ಇಲ್ಲ. ಮೂರು ವಾರಗಳಿಂದ ಆ ಮ್ಯಾನೇಜರನ ಸುದ್ದಿಯೇ ಇಲ್ಲ! ಉಪ್ಪು ಮರೆತ ಪಲ್ಯವನ್ನು ಸಹ ಚೆನ್ನಾಗಿದೆ ಎಂದು ಹೊಗಳಿ ಎದ್ದ. ಹಲ್ಲಿ ನೆತ್ತಿಯ ಮೇಲೆ ಬಿದ್ದಿದ್ದರೂ ಆಕೆ ಅಷ್ಟು ಕಂಗೆಡುತ್ತಿರಲಿಲ್ಲ.

ಆಕೆ ಏನನ್ನೂ ಕೇಳಲಿಲ್ಲ. ಕಾಫಿಪುಡಿಯ ಅಂಗಡಿಗೆ ಹೋಗಿ ಮಿಶ್ರಣವನ್ನು ಬದಲಾಯಿಸಿದಳು. ತೊಗರಿಬೇಳೆಯನ್ನು ಅರ್ಧಕ್ಕೆ ಇಳಿಸಿದಳು. ಎದುರು ಮನೆಯ ಇಬ್ಬರು ಮಕ್ಕಳಿಗೆ ಸಂಜೆ ಗಣಿತದ ಪಾಠ ಹೇಳಲು ಒಪ್ಪಿಕೊಂಡಳು. ಕಾಫಿಯ ರುಚಿ ಬದಲಾದುದು ಆತನ ನಾಲಗೆಗೆ ತಿಳಿಯದೆ ಹೋಗಲಿಲ್ಲ. ಆದರೆ ಅದನ್ನು ಎತ್ತಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುವುದೋ ಎಂದು ಕಹಿಯನ್ನು ನುಂಗಿ ಲೋಟ ಕೆಳಗಿಡುತ್ತಿದ್ದ.

ನಾಲ್ಕನೆಯ ಸೋಮವಾರ ಏಳೂಮುಕ್ಕಾಲಕ್ಕೆ ಆತ ಚಪ್ಪಲಿ ಮೆಟ್ಟುತ್ತಿರುವಾಗ ಆಕೆ ಬಾಗಿಲಿಗೆ ಬಂದಳು.

"ರೀ, ರಾಹುಕಾಲ ಕಳೆಯಲಿ. ಆಮೇಲೆ ಹೊರಡುವಿರಂತೆ."

"ಇದೇನೇ ಹೊಸದಾಗಿ? ಆಫೀಸಿಗೆ ಹೊತ್ತಾಗುತ್ತೆ."

"ಲಾಲ್‌ಬಾಗಿನ ಬಂಡೆ ಎಲ್ಲಿಗೂ ಹೋಗೋದಿಲ್ಲ. ಒಳಗೆ ಬನ್ನಿ."

ಆತ ಒಂದು ಕಾಲಿನ ಚಪ್ಪಲಿಯಲ್ಲಿಯೇ ಬಹಳ ಹೊತ್ತು ನಿಂತಿದ್ದ. ಬಳಿಕ ಒಳಗೆ ಬಂದು ಕುಳಿತ. ಆಕೆ ಬ್ಯಾಂಕಿನ ಪುಸ್ತಕವನ್ನು ತಂದು ಎದುರಿಗೆ ಬಿಡಿಸಿಟ್ಟಳು.

"ಮಗನ ಫೀಸು ಕಟ್ಟಿದ್ದಾಯಿತು. ಉಳಿದದ್ದು ನಾಲ್ಕು ತಿಂಗಳಿಗೆ ಬರುತ್ತೆ. ಬಿಗಿಹಿಡಿದರೆ ಐದು. ಅಷ್ಟರೊಳಗೆ ಏನಾದರೂ ನೋಡಬೇಕು."

"ಯಾವಾಗ ತಿಳೀತು ನಿನಗೆ?"

"ನೀವು ಪಲ್ಯ ಹೊಗಳಿದಿರಲ್ಲ, ಆವತ್ತು."

ಆಕೆ ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು. ಆತ ಒಂದು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಮುಖ ಸಿಂಡರಿಸಿದ.

"ಏನೇ ಇದು, ಕಾಫಿಯೋ ಕಷಾಯವೋ? ಮೂರು ವಾರದಿಂದ ಇದನ್ನೇ ಕುಡಿಸ್ತಾ ಇದ್ದೀಯಲ್ಲ!"

ಎಷ್ಟೋ ದಿನಗಳ ಮೇಲೆ ಆಕೆಗೆ ಸಮಾಧಾನವಾಯಿತು. ಮ್ಯಾನೇಜರನ ಸರದಿ ಮಧ್ಯಾಹ್ನದ ಊಟಕ್ಕೆ ಬಂದಿತು.