ಬಾಡಿಗೆ ಎಷ್ಟಿರಲಿ? ಬಾಡಿಗೆದಾರರೇ ಹೇಳಲಿ

ಬಾಡಿಗೆ ಏರಿಸುವ ಮುನ್ನ ಮನೆಯ ಮಾಲೀಕರು ಬಾಡಿಗೆದಾರರ ಅಭಿಪ್ರಾಯ ಕೇಳುವುದನ್ನು ಎಲ್ಲಾದರೂ ಕಂಡಿದ್ದೀರಾ? ನಮ್ಮ ಊರುಗಳಲ್ಲಿ ಹನ್ನೊಂದು ತಿಂಗಳ ಕರಾರು ಮುಗಿಯುತ್ತಿದ್ದಂತೆ ‘ಮುಂದಿನ ತಿಂಗಳಿನಿಂದ ಇಷ್ಟು ಕೊಡಿ’ ಎಂಬ ಮಾತು ಬರುತ್ತದೆ. ಆಗದಿದ್ದರೆ ಬೇರೆ ಮನೆ ನೋಡಿಕೊಳ್ಳಬೇಕು. ಆದರೆ ಸ್ಕಾಟ್ಲೆಂಡಿನಲ್ಲಿ ಒಂದು ಬಗೆಯ ಮಾಲೀಕರು ಹೀಗೆ ಮಾಡುವಂತಿಲ್ಲ. ತಮ್ಮ ಮನೆಗಳ ಬಾಡಿಗೆಯನ್ನು ಒಟ್ಟಾಗಿ ಏರಿಸುವ ಮೊದಲು ಅವರು ಬಾಡಿಗೆದಾರರನ್ನು ಕೇಳಲೇಬೇಕು, ಬಂದ ಅಭಿಪ್ರಾಯಗಳನ್ನು ಪರಿಗಣಿಸಲೇಬೇಕು. ಅಲ್ಲಿನ 2001ರ ವಸತಿ ಕಾಯ್ದೆ ಹಾಗೆಂದು ವಿಧಿಸಿದೆ. ಈ ಮಾಲೀಕರೆಂದರೆ ಕೌನ್ಸಿಲ್ ಎಂದು ಕರೆಯಲಾಗುವ ಸ್ಥಳೀಯ ಆಡಳಿತ ಸಂಸ್ಥೆಗಳು ಮತ್ತು ಲಾಭದ ಉದ್ದೇಶವಿಲ್ಲದ ವಸತಿ ಸಂಘಗಳು.

ಸ್ಥಳೀಯ ಆಡಳಿತ ತಾನೇ ಕಟ್ಟಿಸಿ, ಮನೆಯ ಅಗತ್ಯ ಇರುವವರಿಗೆ ಪೇಟೆಯ ದರಕ್ಕಿಂತ ಕಡಿಮೆ ಬಾಡಿಗೆಗೆ ಕೊಡುವ ಮನೆಗೆ ಬ್ರಿಟನ್ನಿನಲ್ಲಿ ‘ಕೌನ್ಸಿಲ್ ಮನೆ’ ಎಂದು ಹೆಸರು. ಈ ಮನೆಗಳ ಹಿಂದೆ ಒಂದು ಹೋರಾಟದ ಕಥೆಯಿದೆ. 1915ರಲ್ಲಿ, ಮೊದಲನೆಯ ಮಹಾಯುದ್ಧದ ಸಮಯದಲ್ಲಿ, ಗ್ಲಾಸ್ಗೋ ನಗರದ ಹಡಗುಕಟ್ಟೆ ಮತ್ತು ಮದ್ದುಗುಂಡಿನ ಕಾರ್ಖಾನೆಗಳಿಗೆ ಕೆಲಸಗಾರರು ಬಂದು ತುಂಬಿದರು. ಖಾಸಗಿ ಮಾಲೀಕರು ಇದೇ ಸಮಯವೆಂದು ಬಾಡಿಗೆ ಏರಿಸಿದರು. ಗಂಡಸರು ಯುದ್ಧಭೂಮಿಯಲ್ಲಿದ್ದಾಗ ಮನೆಯ ಹೆಂಗಸರು ಬಾಡಿಗೆ ಕೊಡಲು ನಿರಾಕರಿಸಿದರು. ಗೋವನ್ ಬಡಾವಣೆಯ ಮೇರಿ ಬಾರ್ಬರ್ ಅವರ ಮುಂದಾಳು. ಮನೆ ಖಾಲಿ ಮಾಡಿಸಲು ನ್ಯಾಯಾಲಯದ ಸಿಬ್ಬಂದಿ ಬಂದರೆ ಹೆಂಗಸರು ಗಂಟೆ ಬಾರಿಸಿ ಒಬ್ಬರನ್ನೊಬ್ಬರು ಕರೆದು ಮೆಟ್ಟಿಲ ತುಂಬ ಅಡ್ಡ ನಿಲ್ಲುತ್ತಿದ್ದರು. ಅದೇ ವರ್ಷದ ನವೆಂಬರ್ 17ರಂದು ಸಾವಿರಾರು ಜನ ನ್ಯಾಯಾಲಯದತ್ತ ಮೆರವಣಿಗೆ ಹೊರಟರು. ವರ್ಷ ಮುಗಿಯುವುದರೊಳಗೆ ಲಂಡನ್ನಿನ ಸಂಸತ್ತು ಕಾಯ್ದೆ ಮಾಡಿ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ಇಳಿಸಿತು. 1919ರಲ್ಲಿ ಬಂದ ವಸತಿ ಕಾಯ್ದೆಗಳು ಕೌನ್ಸಿಲ್‌ಗಳು ಸರ್ಕಾರದ ಸಹಾಯಧನದಿಂದ ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟಲು ದಾರಿ ಮಾಡಿದವು. 1920ರಲ್ಲಿ ಮೇರಿ ಬಾರ್ಬರ್ ತಾವೇ ಕೌನ್ಸಿಲ್ ಸದಸ್ಯೆಯಾದರು. ಗೋವನ್‌ನಲ್ಲಿ 2018ರಲ್ಲಿ ಅವರ ಪ್ರತಿಮೆ ನಿಲ್ಲಿಸಲಾಗಿದೆ.

ಅಂದು ಬೀದಿಗಿಳಿದು ಹೇಳಬೇಕಾಗಿದ್ದ ಮಾತನ್ನು ಇಂದು ಒಂದು ಪ್ರಶ್ನಾವಳಿಯಲ್ಲಿ ಗುರುತು ಹಾಕಿ ಹೇಳಬಹುದು. ಸಾಮಾನ್ಯವಾಗಿ ಚಳಿಗಾಲದ ಆರಂಭದಲ್ಲಿ ಕೌನ್ಸಿಲ್‌ನಿಂದ ಪ್ರತಿ ಬಾಡಿಗೆದಾರರ ಮನೆಗೂ ಪತ್ರ ಹೋಗುತ್ತದೆ. ಸಭೆಗಳೂ ನಡೆಯುತ್ತವೆ. ಫೆಬ್ರುವರಿಯ ಹೊತ್ತಿಗೆ ಚುನಾಯಿತ ಸದಸ್ಯರು ನಿರ್ಧಾರ ಕೈಗೊಳ್ಳುತ್ತಾರೆ. ಏಪ್ರಿಲ್‌ನಿಂದ ಹೊಸ ಬಾಡಿಗೆ. ಅದಕ್ಕೂ ಕನಿಷ್ಠ ನಾಲ್ಕು ವಾರ ಮೊದಲು ಲಿಖಿತ ಸೂಚನೆ ಕೊಡಬೇಕು.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಕೌನ್ಸಿಲ್ ಮನೆಗಳ ಬಾಡಿಗೆ ಬೇರೆಲ್ಲ ತೆರಿಗೆಗಳ ಜತೆ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುವುದಿಲ್ಲ. ಅದಕ್ಕೆ ಪ್ರತ್ಯೇಕ ವಸತಿ ಖಾತೆ ಉಂಟು. ರಿಪೇರಿ, ಸಿಬ್ಬಂದಿ ಸಂಬಳ, ಹಳೆಯ ಸಾಲದ ಕಂತು ಮತ್ತು ಬಡ್ಡಿ, ಚಳಿ ತಡೆಯುವ ಕಿಟಕಿ, ಹೊಸ ಮನೆ ಎಲ್ಲವೂ ಆ ಖಾತೆಯಿಂದಲೇ ಆಗಬೇಕು. ಹೀಗಾಗಿ ‘ಬಾಡಿಗೆ ಎಷ್ಟು?’ ಮತ್ತು ‘ಖರ್ಚು ಯಾವುದಕ್ಕೆ?’ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದರೆ ಅರ್ಥವಿಲ್ಲ. ಬಾಡಿಗೆ ಕಡಿಮೆ ಇರಲಿ ಎಂದೂ, ಎಲ್ಲ ಕಿಟಕಿಗಳೂ ಹೊಸದಾಗಲಿ ಎಂದೂ ಯಾರು ತಾನೇ ಹೇಳುವುದಿಲ್ಲ?

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಕೌನ್ಸಿಲ್‌ಗೆ 10 ಸಾವಿರ ಮನೆಗಳಿವೆ, ವಾರದ ಬಾಡಿಗೆ 90 ಪೌಂಡ್ ಎಂದಿಟ್ಟುಕೊಳ್ಳೋಣ. ಶೇ 3ರಷ್ಟು ಏರಿಸಿದರೆ ವಾರಕ್ಕೆ 2 ಪೌಂಡ್ 70 ಪೆನ್ಸ್ ಹೆಚ್ಚಾಗುತ್ತದೆ. ಶೇ 5 ಆದರೆ 4 ಪೌಂಡ್ 50 ಪೆನ್ಸ್. ಎರಡರ ನಡುವಣ ವ್ಯತ್ಯಾಸ ಒಂದು ಮನೆಗೆ ವಾರಕ್ಕೆ 1 ಪೌಂಡ್ 80 ಪೆನ್ಸ್ ಮಾತ್ರ. ಆದರೆ 10 ಸಾವಿರ ಮನೆಗೆ, 52 ವಾರಕ್ಕೆ ಲೆಕ್ಕ ಹಾಕಿದರೆ ಅದು 9 ಲಕ್ಷ 36 ಸಾವಿರ ಪೌಂಡ್ ಆಗುತ್ತದೆ! ಮುಂದಿನ ವರ್ಷದ ಏರಿಕೆಯನ್ನು ಈ ವರ್ಷದ ಬಾಡಿಗೆಯ ಮೇಲೆಯೇ ಲೆಕ್ಕ ಹಾಕುವುದರಿಂದ ಈ ವ್ಯತ್ಯಾಸ ಪ್ರತಿ ವರ್ಷವೂ ಉಳಿಯುತ್ತದೆ, ಬೆಳೆಯುತ್ತದೆ. ಒಳ್ಳೆಯ ಪ್ರಶ್ನಾವಳಿ ಇದನ್ನು ಮುಚ್ಚಿಡುವುದಿಲ್ಲ. ಶೇ 3 ಆದರೆ ಈಗಿನಷ್ಟೇ ರಿಪೇರಿ, ಶೇ 5 ಆದರೆ ಇಂತಿಷ್ಟು ಮನೆಗಳಿಗೆ ಹೊಸ ಬಾಯ್ಲರ್ ಎಂದು ಪ್ರತಿ ಆಯ್ಕೆಯ ಮುಂದೆಯೂ ಅದರ ಫಲವನ್ನು ಬರೆದಿಡುತ್ತದೆ.

ಬಾಡಿಗೆದಾರರನ್ನು ಕೇಳದೆ ಬಾಡಿಗೆ ಇಳಿಸಿದ ಉದಾಹರಣೆಯೂ ಇದೆ. ಇಂಗ್ಲೆಂಡಿನ ಕಾನೂನಿನಲ್ಲಿ ಕೌನ್ಸಿಲ್‌ಗಳು ಮನೆಗಳ ನಿರ್ವಹಣೆಯ ಬಗ್ಗೆ ಬಾಡಿಗೆದಾರರನ್ನು ಕೇಳಬೇಕೆಂದಿದೆ. ಆದರೆ 1985ರ ಕಾಯ್ದೆ ಬಾಡಿಗೆಯ ವಿಷಯವನ್ನು ಅದರಿಂದ ಹೊರಗಿಟ್ಟಿತು. ಅಲ್ಲಿ ಏರಿಕೆಯ ಮಿತಿಯನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. 2016ರಿಂದ ನಾಲ್ಕು ವರ್ಷ ಪ್ರತಿ ವರ್ಷ ಬಾಡಿಗೆಯನ್ನು ಶೇ 1ರಷ್ಟು ಇಳಿಸಬೇಕೆಂದು ಸರ್ಕಾರ ಆದೇಶಿಸಿತು. ಬಾಡಿಗೆದಾರರಿಗೆ ಉಳಿತಾಯವಾಯಿತು, ನಿಜ. ಆದರೆ ಅವರದೇ ಮನೆಗಳ ದುರಸ್ತಿಗೆ ಇರುವ ಖಾತೆಯೂ ಬಡವಾಯಿತು. ಆ ವಿನಿಮಯ ಬೇಕೆ ಬೇಡವೆ ಎಂದು ಹೇಳುವ ಅವಕಾಶ ಅವರಿಗೆ ಸಿಗಲಿಲ್ಲ.

ಕೇಳಿದ ಮಾತ್ರಕ್ಕೆ ಎಲ್ಲ ಸರಿಹೋಯಿತೆ? ಇಲ್ಲ. ಸ್ಕಾಟ್ಲೆಂಡಿನ ಇಂಥ ಬಾಡಿಗೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಾಡಿಗೆ ಕಟ್ಟಲು ಸರ್ಕಾರದ ನೆರವಿದೆ. ಪೂರ್ಣ ನೆರವು ಪಡೆಯುವವರಿಗೆ ಶೇ 5ರ ಏರಿಕೆ ಅಷ್ಟಾಗಿ ತಟ್ಟುವುದಿಲ್ಲ. ಸಣ್ಣ ಸಂಬಳದಲ್ಲಿ ದುಡಿಯುತ್ತ, ನೆರವಿನ ಗೆರೆಗಿಂತ ಸ್ವಲ್ಪವೇ ಮೇಲಿರುವ ಕುಟುಂಬ ಅದನ್ನು ಪೂರ್ತಿಯಾಗಿ ತನ್ನ ಜೇಬಿನಿಂದ ಕೊಡಬೇಕು. ಇಬ್ಬರ ಉತ್ತರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಇನ್ನು ಮನೆಗಾಗಿ ಕಾಯುವವರ ಪಟ್ಟಿಯಲ್ಲಿರುವವರು ಬಾಡಿಗೆದಾರರೇ ಅಲ್ಲ. ಹೊಸ ಮನೆ ಕಟ್ಟುವುದು ಅವರಿಗಾಗಿ. ಆದರೆ ಕಾಯ್ದೆಯ ಪ್ರಕಾರ ಅವರನ್ನು ಕೇಳಲೇಬೇಕೆಂದಿಲ್ಲ. 2024ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡ್ ವಸತಿ ತುರ್ತುಸ್ಥಿತಿಯನ್ನು ಘೋಷಿಸಿದ್ದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ ಎಂಬುದು ತಿಳಿಯುತ್ತದೆ. ಆದ್ದರಿಂದಲೇ ಕೊನೆಯ ತೀರ್ಮಾನ ಚುನಾಯಿತ ಸದಸ್ಯರದು. ಪ್ರಶ್ನಾವಳಿಗೆ ಉತ್ತರ ಬರೆಯಲಾಗದವರ ಪರವಾಗಿಯೂ ಅವರು ಯೋಚಿಸಬೇಕು.

ಬಾಡಿಗೆದಾರರ ಮಾತಿಗೆ ಕಿವಿಗೊಡದಿದ್ದರೆ ಏನಾಗಬಹುದು ಎಂಬುದಕ್ಕೆ ಲಂಡನ್ನಿನ ಗ್ರೆನ್‌ಫೆಲ್ ಟವರ್ ಸಾಕ್ಷಿ. ಅದೂ ಕೌನ್ಸಿಲ್‌ಗೆ ಸೇರಿದ ಬಹುಮಹಡಿ ಕಟ್ಟಡ. ನವೀಕರಣದ ವೇಳೆ ಖರ್ಚು ಉಳಿಸಲು ಹೊರಗೋಡೆಗೆ ಅಗ್ಗದ ಹೊದಿಕೆ ಆರಿಸಲಾಗಿತ್ತು. ಬೆಂಕಿಯ ಅಪಾಯದ ಬಗ್ಗೆ ಅಲ್ಲಿನ ನಿವಾಸಿಗಳು ಮೊದಲೇ ಎಚ್ಚರಿಸಿದ್ದರು. 2017ರ ಜೂನ್ 14ರಂದು ಬೆಂಕಿ ಹೊತ್ತಿಕೊಂಡಾಗ ಅದು ಹೊದಿಕೆಯ ಮೂಲಕ ಮೇಲೇರಿತು. 72 ಮಂದಿ ಸತ್ತರು. ಇದಾದ ಬಳಿಕ, ಇಂಥ ಮಾಲೀಕರ ಮೇಲೆ ಹೆಚ್ಚಿನ ನಿಗಾ ಇಡುವ ಕಾಯ್ದೆ 2023ರಲ್ಲಿ ಇಂಗ್ಲೆಂಡಿಗೆ ಬಂತು. ಹಣವನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕೆಂಬುದು ಕೆಲವೊಮ್ಮೆ ಜೀವದ ಪ್ರಶ್ನೆಯೇ ಆಗಿರುತ್ತದೆ.

ಹಾಗಾದರೆ ಸರಿಯಾಗಿ ಕೇಳುವುದೆಂದರೇನು? ಇದಕ್ಕೆ ಬ್ರಿಟನ್ನಿನ ನ್ಯಾಯಾಲಯಗಳು ಅನುಸರಿಸುವ ನಾಲ್ಕು ಸೂತ್ರಗಳು ಹುಟ್ಟಿದ್ದು ಶಾಲೆಯ ವಿಷಯದಲ್ಲಿ! ಲಂಡನ್ನಿನ ಬ್ರೆಂಟ್ ಕೌನ್ಸಿಲ್ ಎರಡು ಶಾಲೆಗಳನ್ನು ಮುಚ್ಚಲು ಹೊರಟಿತ್ತು. ಪೋಷಕರನ್ನು ಸರಿಯಾಗಿ ಕೇಳಿಲ್ಲವೆಂದು 1985ರಲ್ಲಿ ನ್ಯಾಯಾಧೀಶರು ಆ ನಿರ್ಧಾರವನ್ನು ರದ್ದುಪಡಿಸಿದರು. ಸೂತ್ರಗಳು ಇವು: ನಿರ್ಧಾರ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು, ಯೋಚಿಸಿ ಉತ್ತರಿಸಲು ಸಾಕಾಗುವಷ್ಟು ಕಾರಣಗಳನ್ನು ತಿಳಿಸಬೇಕು, ಉತ್ತರಕ್ಕೆ ಸಾಕಷ್ಟು ಸಮಯ ಕೊಡಬೇಕು, ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಶೀಲಿಸಬೇಕು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹ್ಯಾರಿಂಗೇ ಕೌನ್ಸಿಲ್‌ನ ಮೊಕದ್ದಮೆಯೊಂದರಲ್ಲಿ ಈ ಸೂತ್ರಗಳನ್ನು ಎತ್ತಿಹಿಡಿಯಿತು. ಬಡವರ ತೆರಿಗೆ ವಿನಾಯಿತಿ ಕಡಿತಗೊಳಿಸುವುದೊಂದೇ ದಾರಿ ಎಂಬಂತೆ ಆ ಕೌನ್ಸಿಲ್ ಜನರ ಅಭಿಪ್ರಾಯ ಕೇಳಿತ್ತು. ಬೇರೆ ದಾರಿಗಳೂ ಇದ್ದವು, ಅವನ್ನು ಏಕೆ ಕೈಬಿಡಲಾಯಿತು ಎಂದು ಹೇಳಬೇಕಿತ್ತು ಎಂಬುದು ನ್ಯಾಯಾಲಯದ ತೀರ್ಪು.

ಈ ನಾಲ್ಕು ಸೂತ್ರಗಳನ್ನು ಕಲಿಯಲು ಬ್ರಿಟನ್ನಿಗೆ ಹೋಗಬೇಕಾಗಿಲ್ಲ. ಹಾಸ್ಟೆಲ್ಲಿನ ಮೆಸ್ ಬಿಲ್ಲು ಏರಿದಾಗ, ಶಾಲೆಯ ಬಸ್ ಶುಲ್ಕದ ಬಗ್ಗೆ ಪೋಷಕರ ಸಭೆ ಕರೆದಾಗ ಇವನ್ನೇ ಮುಂದಿಟ್ಟು ನೋಡಬಹುದು. ತೀರ್ಮಾನ ಆಗಲೇ ಆಗಿದೆಯೆ? ಲೆಕ್ಕ ತೋರಿಸಿದ್ದಾರೆಯೆ? ಯೋಚಿಸಲು ಸಮಯ ಇದೆಯೆ? ನಮ್ಮ ಮಾತಿಗೆ ಉತ್ತರ ಬಂದೀತೆ? ಹಾಗೆಯೇ ನಮ್ಮ ಕಡೆಯಿಂದಲೂ ಒಂದು ಕರ್ತವ್ಯವಿದೆ. ಭಾನುವಾರದ ಹೋಳಿಗೆಯೂ ಬೇಕು, ಬಿಲ್ಲೂ ಇಳಿಯಬೇಕು ಎನ್ನುವವರ ಅಭಿಪ್ರಾಯವನ್ನು ಯಾವ ಮೆಸ್ ಕಮಿಟಿಯೂ ಬಳಸಿಕೊಳ್ಳಲಾರದು. ಯಾವುದು ಬೇಕು, ಅದಕ್ಕೆ ಎಷ್ಟು ಕೊಡಲು ಸಿದ್ಧ ಎಂದು ಲೆಕ್ಕ ಹಾಕಿ ಹೇಳಿದವರ ಮಾತನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.